ಕೆಹರವಾದ ಲಯದಲ್ಲಿ ಗಿಟಾರ್ ಕಲಿತ ಬಗೆ

ಕಾರವಾರದ ನಮ್ಮ ಕೇರಿಯ ಭಜನೆ ಹಾಗೂ ಭಾವಗೀತೆಗಳಿಗೆ, ಹಾರ್ಮೋನಿಯಂ ಮತ್ತು ತಬಲಾದ ಜೊತೆ ಕುಳಿತು ಗಿಟಾರ್ ನುಡಿಸುವುದಷ್ಟೇ ನನ್ನ ಗುರಿಯಾಗಿದ್ದುದರಿಂದ, ಹಲವು ಸ್ವರಗಳನ್ನು ಒಟ್ಟಿಗೆ ಹಿಡಿಯುವ ಎಡಗೈಯ ಕಾರ್ಡ್‌ಗಳಿಗಿಂತ ಮೊದಲು ಬಲಗೈಯ ಲಯವನ್ನು ಕಲಿತೆ. ಎಂಟು ಮಾತ್ರೆಗಳ (ಎಣಿಕೆಗಳ) ತಬಲಾ ತಾಳವಾದ ಕೆಹರವಾ ಕಿವಿಯಲ್ಲಿ ಮೊದಲೇ ಇತ್ತು. ಎಡಗೈಯನ್ನು ತಂತಿಗಳ ಮೇಲೆ ಹಗುರವಾಗಿ ಇರಿಸಿ ನಾದವನ್ನು ತಡೆದು, ‘ಧಾ ಗೆ ನ ತಿ, ನ ಕ ಧಿ ನ’ ಎಂದು ತಬಲಾದ ನುಡಿಗಳನ್ನು ಬಾಯಲ್ಲಿ ಹೇಳುತ್ತ, ಒಂದು, ಮೂರು, ಐದು, ಏಳನೆಯ ಮಾತ್ರೆಗಳಲ್ಲಿ ಬಲಗೈಯನ್ನು ಕೆಳಕ್ಕೂ ಉಳಿದವುಗಳಲ್ಲಿ ಮೇಲಕ್ಕೂ ಆಡಿಸಿದೆ. ಲಯ ಎಣಿಸುವ ಸಾಧನವಾದ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಗಳಲ್ಲಿಟ್ಟು, ಪ್ರತಿ ಬಡಿತಕ್ಕೆ ಎರಡು ಮಾತ್ರೆಗಳನ್ನು ಹಿಡಿಯುತ್ತಿದ್ದೆ. ಕೈ ಎಲ್ಲಿಯೂ ನಿಲ್ಲುವುದಿಲ್ಲ. ಆದರೆ ಎರಡನೆಯ ಮತ್ತು ಐದನೆಯ ಮಾತ್ರೆಗಳಲ್ಲಿ ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ತಂತಿಯನ್ನು ಮುಟ್ಟದೆ ಹಾದುಹೋಗುತ್ತದೆ. ಕೆಹರವಾದ ಖಾಲಿಯೂ, ಅಂದರೆ ಒತ್ತಿಲ್ಲದ ಮಾತ್ರೆಯೂ, ಐದರಲ್ಲಿಯೇ ಬರುವುದರಿಂದ, ತಬಲಾದವರ ಎದುರು ಕುಳಿತಾಗ ಈ ಬಿಡುವು ಸಹಜವಾಗಿ ಹೊಂದಿಕೊಂಡಿತು.

ಕಾರ್ಡ್‌ಗಳಲ್ಲಿ, ಬೆರಳುಗಳು ಹೆಚ್ಚು ಅಲೆದಾಡದಂತಹವನ್ನೇ ಆರಿಸಿಕೊಂಡೆ. ಜಿ ಕಾರ್ಡ್ ಹಿಡಿಯುವಾಗ ಉಂಗುರಬೆರಳನ್ನು ಎರಡನೆಯ ತಂತಿಯಲ್ಲೂ ಕಿರುಬೆರಳನ್ನು ಒಂದನೆಯ, ಅಂದರೆ ಅತಿ ತೆಳುವಾದ, ತಂತಿಯಲ್ಲೂ ಮೂರನೆಯ ಫ್ರೆಟ್ಟಿಗೆ (ಗಿಟಾರಿನ ಕತ್ತಿನ ಅಡ್ಡಪಟ್ಟಿಗಳ ನಡುವಿನ ಮನೆಗೆ) ಇರಿಸಿದರೆ, ಅವೆರಡನ್ನೂ ಕದಲಿಸದೆ ತೋರುಬೆರಳು, ನಡುಬೆರಳುಗಳನ್ನಷ್ಟೇ ಸರಿಸಿ ಸಿ ಆ್ಯಡ್ ನೈನ್‌ಗೂ ಇ ಮೈನರ್ ಸೆವೆನ್‌ಗೂ ಹೋಗಬಹುದು. ಡಿಗೆ ಹೋಗುವಾಗಲೂ ಉಂಗುರಬೆರಳು ಇದ್ದಲ್ಲೇ ಇರುತ್ತದೆ. ಎಫ್‌ನಂತಹ ಒಂದೇ ಬೆರಳಿನಿಂದ ಹಲವು ತಂತಿಗಳನ್ನು ಅದುಮುವ ಬಾರ್ ಕಾರ್ಡ್‌ಗಳನ್ನು ಆಗ ಮುಟ್ಟಲೇ ಇಲ್ಲ. ಹಾಡುವವರ ಶ್ರುತಿ ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಕೀ, ಅಂದರೆ ಕಪ್ಪು ನಾಲ್ಕಾದರೆ ಮೊದಲನೆಯ ಫ್ರೆಟ್ಟಿಗೆ, ಕಪ್ಪು ಐದಾದರೆ ಮೂರನೆಯದಕ್ಕೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒತ್ತಿಹಿಡಿಯುವ ಕ್ಲಿಪ್) ಹಾಕಿದರೆ ಇವೇ ಹಿಡಿತಗಳು ಸಾಕಾಗುತ್ತವೆ. ರಾಗದ ಛಾಯೆ ಗಾಢವಾಗಿರುವ ಭಜನೆಗಳಲ್ಲಿ ಮಾತ್ರ ಪದೇ ಪದೇ ಕಾರ್ಡ್ ಬದಲಿಸುವುದು ನನಗೆ ಹಿಡಿಸದು. ಅಲ್ಲಿ ಜಿ ಒಂದರಲ್ಲೇ ನಿಲ್ಲುತ್ತೇನೆ. 

ಲಿಕ್‌ಗಳ, ಅಂದರೆ ಹಾಡಿನ ನಡುವೆ ನುಡಿಸುವ ಪುಟ್ಟ ಸ್ವರಗುಚ್ಛಗಳ, ವಿಷಯದಲ್ಲಿ ನೆರವಾದದ್ದು ಭೂಪ್ ರಾಗ. ಜಿಯನ್ನು ಷಡ್ಜ (ಸ) ಎಂದು ಹಿಡಿದರೆ ಭೂಪ್‌ನ ಸ, ರಿ, ಗ, ಪ, ಧ ಸ್ವರಗಳು ಕ್ರಮವಾಗಿ ಜಿ, ಎ, ಬಿ, ಡಿ, ಇ ಆಗುತ್ತವೆ. ಗಿಟಾರಿನ ಆರೂ ಬಿಡಿ (ಬೆರಳಿಂದ ಅದುಮದ) ತಂತಿಗಳು ಈ ಐದರೊಳಗೇ ಬರುತ್ತವೆ. ಹೀಗಾಗಿ, ತಂತಿಯನ್ನು ಬಿಡಿಯಾಗಿ ನುಡಿಸಿದರೂ ಅಪಸ್ವರವಾಗುವ ಭಯವಿಲ್ಲ. ನಾನು ಅತಿ ಹೆಚ್ಚು ಬಳಸುವ ಲಿಕ್ ‘ಪ ಧ ಸ’. ಡಿ ಕಾರ್ಡಿನ ಆವರ್ತ (ಎಂಟು ಮಾತ್ರೆಗಳ ಒಂದು ಸುತ್ತು) ಮುಗಿಯುವಾಗ, ಏಳನೆಯ ಮಾತ್ರೆಗೆ ನಾಲ್ಕನೆಯ ತಂತಿಯನ್ನು ಬಿಡಿಯಾಗಿ ಮೀಟಿ, ಎಂಟಕ್ಕೆ ಮತ್ತೆ ಮೀಟದೆ ಅದೇ ತಂತಿಯ ಎರಡನೆಯ ಫ್ರೆಟ್ಟಿನ ಮೇಲೆ ತೋರುಬೆರಳನ್ನು ಬಲವಾಗಿ ಬಡಿದು ಧೈವತವನ್ನು (ಧ) ಹೊರಡಿಸಿ, ಸಮಕ್ಕೆ, ಅಂದರೆ ಮುಂದಿನ ಸುತ್ತಿನ ಮೊದಲ ಮಾತ್ರೆಗೆ, ಸರಿಯಾಗಿ ಜಿ ಕಾರ್ಡಿಗೆ ಇಳಿಯುತ್ತೇನೆ. ಬೆರಳು ಮೆಲ್ಲಗೆ ಬಿದ್ದರೆ ಧೈವತ ಕೇಳಿಸುವುದೇ ಇಲ್ಲ, ಆದ್ದರಿಂದ ಫ್ರೆಟ್ಟಿನ ಲೋಹಪಟ್ಟಿಗೆ ತೀರ ಹತ್ತಿರದಲ್ಲಿ, ಬೆರಳ ತುದಿಯಿಂದಲೇ ಬಡಿಯಬೇಕು. ಸಾಲು ಸಾಲಿಗೂ ಇದನ್ನು ತುರುಕಿದರೆ ಹಾಡುವವರಿಗೆ ಕಿರಿಕಿರಿಯಾಗುತ್ತದೆ. ಚರಣ ಮುಗಿದು ಪಲ್ಲವಿಗೆ ಮರಳುವಲ್ಲಿ ಮಾತ್ರ ನುಡಿಸುತ್ತೇನೆ.