ಸೂಜಿ ಹಿಡಿದ ಮೇಲೆಯೇ ಬಾಯಿ ಬಿಟ್ಟರು: ಯಲ್ಲಾಪುರದ ನನ್ನ ಅನುಭವ

"ಇದು ಕೌನ್ಸೆಲಿಂಗ್ ಅಲ್ಲ, ಹೊಲಿಗೆ ತರಗತಿ" ಎಂದು, ಆಫ್ರಿಕಾ ಮೂಲದ ಸಿದ್ದಿ ಹೆಂಗಸರ ಜೊತೆ ಕೌದಿ ಹೊಲಿಯುತ್ತ ಅವರ ನೋವು ಕೇಳಿಸಿಕೊಳ್ಳುವ ನನ್ನ ವಿಧಾನ ನೋಡಿ ನಮ್ಮ ವಿಭಾಗದ ಹಿರಿಯರೊಬ್ಬರು ನಕ್ಕಿದ್ದರು. ಎರಡನೆಯ ತಂಡವೂ ಮುಗಿಯಿತು. ಈಗ ಅವರ ವಿದ್ಯಾರ್ಥಿಗಳೇ ಫೋನ್ ಮಾಡಿ ವಿಧಾನ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಯಲ್ಲಾಪುರ ತಾಲ್ಲೂಕಿನ ಸಿದ್ದಿ ಕೇರಿಗಳಿಗೆ ನಾನು ಮೊದಲು ಹೋದದ್ದು ಪಿಸಿಎಲ್-5 ಎಂಬ, ಆಘಾತದ ನಂತರದ ಮಾನಸಿಕ ತೊಂದರೆ ಅಳೆಯುವ ಪ್ರಶ್ನಾವಳಿಯ ಕನ್ನಡ ಪ್ರತಿಗಳ ಕಟ್ಟು ಹೊತ್ತುಕೊಂಡು. ಅಚ್ಚಿಗೆ ಆರೇಳು ಸಾವಿರ ಸುರಿದಿದ್ದೆ. ಸೋತದ್ದು ಮೊದಲ ಪ್ರಶ್ನೆಯಲ್ಲೇ. ಡಿಎಸ್‌ಎಂ-5 (ಮಾನಸಿಕ ಕಾಯಿಲೆಗಳನ್ನು ಗುರುತಿಸುವ ಅಮೆರಿಕದ ಕೈಪಿಡಿ) ಪ್ರಕಾರ ಆಘಾತವೆಂದರೆ ಸಾವು, ತೀವ್ರ ಗಾಯ, ಲೈಂಗಿಕ ಹಿಂಸೆ, ಇಲ್ಲವೇ ಅವುಗಳ ಬೆದರಿಕೆ. "ಅಂಥ ಘಟನೆ ಯಾವುದು?" ಎಂದರೆ "ಯಾವುದೂ ಇಲ್ಲ ಅಕ್ಕೋರೇ" ಎನ್ನುತ್ತಿದ್ದರು. ಅದೇ ಹೆಂಗಸು ಹುಬ್ಬಳ್ಳಿ ಬಸ್ ಹತ್ತಬೇಕೆಂದರೆ ಹಿಂದಿನ ರಾತ್ರಿ ನಿದ್ದೆ ಮಾಡುವುದಿಲ್ಲ. ಪಕ್ಕದ ಸೀಟಿನವರು "ಯಾವ ದೇಶ?" ಎನ್ನುತ್ತಾರೆ, ಅಪ್ಪಣೆಯಿಲ್ಲದೆ ಕೂದಲು ಮುಟ್ಟಿ ನೋಡುತ್ತಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದಾಯಿತು, ಪ್ರಮಾಣಪತ್ರವೂ ಬಂತು. ಆ ಪ್ರಶ್ನೆ ಮಾತ್ರ ನಿಂತಿಲ್ಲ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಕಾರ್ಟರ್ 2007ರಲ್ಲಿ ಜನಾಂಗೀಯ ಆಘಾತದ ಬಗ್ಗೆ ಬರೆದದ್ದನ್ನು ವರ್ಷಗಟ್ಟಲೆ ಪಾಠ ಮಾಡಿದವಳು ನಾನು. ಯಲ್ಲಾಪುರದ ಬಸ್ಸಿಗೆ ಅದನ್ನು ಹೊಂದಿಸಿ ನೋಡಿರಲಿಲ್ಲ.

ಎರಡನೆಯ ಸೋಲು ಕೌನ್ಸೆಲಿಂಗ್ ಕೋಣೆಯದು. ತಿಂಗಳಿಗೆ 2,500 ಬಾಡಿಗೆ ಕೊಟ್ಟು, ಎರಡು ಕುರ್ಚಿ ಹಾಕಿ, ಮೂರು ತಿಂಗಳು ಕಾದೆ. ಬಂದವರು ನಾಲ್ವರು. ಅವರಲ್ಲಿ ಇಬ್ಬರು ರೇಷನ್ ಕಾರ್ಡಿನ ಕೆಲಸವೆಂದು ತಿಳಿದು ಬಂದಿದ್ದರು.

ಮಳೆಗೆ ಸಿಕ್ಕಿ ಒಂದು ಮನೆಯ ಜಗುಲಿ ಏರಿದ ದಿನ ಕೆಲಸ ಕುದುರಿತು. ಐದಾರು ಹೆಂಗಸರು ಕೌದಿ ಹೊಲಿಯುತ್ತಿದ್ದರು. ಸಿದ್ದಿ ಕೌದಿಯ ಹೊಲಿಗೆ ಅಂಚಿನಿಂದ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ನನ್ನ ಕೈಗೂ ಒಂದು ಸೂಜಿ ಕೊಟ್ಟರು. ಕಣ್ಣು ಬಟ್ಟೆಯ ಮೇಲಿದ್ದರೆ ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ. ಮುಖ ನೋಡಿ ಕೇಳಿಸಿಕೊಳ್ಳಿ ಎಂದು ತರಬೇತಿಯಲ್ಲಿ ಕಲಿಸುತ್ತೇವಲ್ಲ, ಅದನ್ನು ಅಲ್ಲೇ ಮರೆತೆ. ಮಾತನ್ನೂ ಅಂಚಿನಿಂದಲೇ ಹಿಡಿದೆ: ಸಂತೆ, ಬಸ್ಸು, ಶಾಲೆ. ಮೊದಲ ಸಂಜೆ ಕೇಳುವ ಪ್ರಶ್ನೆ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಎರಡು ಸಂಜೆ ಬಂದು ಹೊಲಿದವರಿಗೆ ಹೇಳುತ್ತೇನೆ. ಮಾತು ನಡುವಿಗೆ ಬರಲು ಆರೇಳು ವಾರ ಹಿಡಿಯಿತು. ಒಬ್ಬಳು ಹಳೆಯ ಸಮವಸ್ತ್ರದ ತುಂಡು ತಂದು ಹೊಲಿದಳು, ಏನೂ ಹೇಳಲಿಲ್ಲ. ಮೂರು ವಾರ ಕಳೆದ ಮೇಲೆ, ಮೇಷ್ಟರು ಇಟ್ಟಿದ್ದ ಅಡ್ಡಹೆಸರನ್ನು ಹೇಳಿದಳು. ಸೂಜಿಗಳು ನಿಂತವು. "ನನಗೂ ಅದೇ ಹೆಸರಿತ್ತು" ಎಂದಳು ಎದುರಿಗಿದ್ದವಳು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಹುಡುಗರಿಗೂ ಇಂಥದ್ದೇ ಏನಾದರೂ ಆದೀತೆಂದು ಡಮಾಮಿ ಕುಣಿತದ ನಡುವೆ ಮಾತಾಡಿಸಲು ಹೋದೆ. ಕುಣಿತ ಅದ್ಭುತವಾಗಿತ್ತು, ಮಾತು ಒಂದೂ ಹೊರಡಲಿಲ್ಲ. ನನಗೆ ಎರಡು ದಿನ ಮೊಣಕಾಲು ನೋವು.

ಮೊದಲ ತಂಡದಲ್ಲಿ 12 ಮಂದಿ ಸೇರಿ ಮೂವರು ಬಿಟ್ಟರು. ಪಿಸಿಎಲ್‌ನ 20 ಪ್ರಶ್ನೆಗಳನ್ನು ಹಾಗೆಯೇ ಉಳಿಸಿ, ಘಟನೆಯ ಜಾಗದಲ್ಲಿ ಬಣ್ಣ, ಕೂದಲಿನ ಕಾರಣಕ್ಕೆ ಆದದ್ದನ್ನು ಇಟ್ಟೆ. ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. 80ಕ್ಕೆ 40ರ ಆಸುಪಾಸಿನಲ್ಲಿದ್ದ ಸರಾಸರಿ ನಾಲ್ಕು ತಿಂಗಳಲ್ಲಿ 25ರ ಹತ್ತಿರ ಇಳಿಯಿತು. ಹೊಲಿಗೆಗೆ ಸೇರದವರ ಹೋಲಿಕೆಯ ಗುಂಪು ಎಲ್ಲಿ ಎಂದು ಕೇಳಬೇಡಿ, ಇರಲಿಲ್ಲ. ಖರ್ಚು ಸುಮಾರು 38,000, ಹೆಚ್ಚಿನದು ಜೀಪಿನ ಬಾಡಿಗೆ. ಸೂಜಿ ದಾರಕ್ಕೆ 600 ಕೂಡ ಆಗಲಿಲ್ಲ.

ಕೌದಿಯ ನಾಲ್ಕು ಮೂಲೆಗೆ ಫೂಲ (ಮಡಿಚಿದ ಬಟ್ಟೆಯ ಹೂ) ಇಡದಿದ್ದರೆ ಅದು ಬೆತ್ತಲೆ ಎನ್ನುತ್ತಾರೆ. ನನ್ನದಕ್ಕೆ ಫೂಲ ಇಡಲು ಇನ್ನೂ ಬಿಟ್ಟಿಲ್ಲ. "ಹೊಲಿಗೆ ಸೊಟ್ಟಗಿದೆ, ಬಿಚ್ಚಿ ಮತ್ತೆ ಹಾಕಿ ಅಕ್ಕೋರೇ" ಎನ್ನುತ್ತಿದ್ದಾರೆ.