ಗದ್ದೆಯ ಮಡೆ ತೆಗೆದವನು ನಾನೇ

ನಮ್ಮದು ಮಂಡ್ಯ ಜಿಲ್ಲೆಯ ನಾಲೆ ನೀರಿನ ಊರು. ನನಗೆ ಮೂರು ಎಕರೆ ಗದ್ದೆ, ಅದೂ ಅಚ್ಚುಕಟ್ಟಿನ ಬಾಲದಲ್ಲಿ. ಮೇಲಿನವರ ಗದ್ದೆಯಿಂದ ಬಸಿದ ನೀರು ನನ್ನ ಗದ್ದೆಗೆ ಬರುತ್ತದೆ, ನನ್ನ ಕೊನೆ ತಾಕಿನಿಂದ ಹೊರಟಿದ್ದು ಬಸಿಗಾಲುವೆ ಹಿಡಿದು ಕೆಳಗಿನ ಕೆರೆಗೆ ಸೇರುತ್ತದೆ. ಕೆರೆ ಅಂದ್ರೆ ದೊಡ್ಡದೇನಲ್ಲ. ಅರ್ಧ ನೀರು, ಅರ್ಧ ಜೊಂಡು. ಬೇಸಿಗೆಯಲ್ಲೂ ಬತ್ತುವುದಿಲ್ಲ, ಯಾಕಂದ್ರೆ ನಮ್ಮ ಗದ್ದೆಗಳ ಬಸಿನೀರೇ ಅದನ್ನು ಸಾಕುತ್ತದೆ. ಇದು ಹುಟ್ಟಿದಾಗಿನಿಂದ ಗೊತ್ತಿರುವ ವಿಷಯ. ಔಷಧಿ ಹೊಡೆಯುವಾಗ ಮಾತ್ರ ನೆನಪಿಗೆ ಬರುತ್ತಿರಲಿಲ್ಲ.

ಆ ವರ್ಷ ನಾಟಿ ಮಾಡಿ 28 ದಿನ ಆಗಿತ್ತು. ಗರಿಗಳು ಅಲ್ಲಲ್ಲಿ ಸುರುಳಿ ಸುತ್ತಿಕೊಂಡು ಬಿಳಿ ಗೀರು ಬಿದ್ದಿದ್ದವು. ಎಲೆ ಸುರುಳಿ ಹುಳ. ಅಂಗಡಿಯಲ್ಲಿ ಕೇಳಿದೆ, ಪ್ರೊಫೆನೋಫಾಸ್ ಮತ್ತು ಸೈಪರ್‌ಮೆಥ್ರಿನ್ ಎರಡೂ ಸೇರಿರುವ ಡಬ್ಬಿ ಕೊಟ್ಟರು. "ಸ್ಟ್ರಾಂಗ್ ಐತೆ, ಒಂದೇ ಸಲಕ್ಕೆ ಕ್ಲೀನು" ಅಂದರು. ಅದು ಹತ್ತಿ ಬೆಳೆಗೆ ಅಂತ ಡಬ್ಬಿಯ ಮೇಲೇ ಬರೆದಿತ್ತು. ನಾನು ಅದನ್ನು ಓದಿದ್ದು ಎರಡು ದಿನ ಆದಮೇಲೆ. ಸಂಜೆ ಹೊಡೆದು ಮನೆಗೆ ಬಂದೆ, ರಾತ್ರಿ ಜೋರು ಮಳೆ. ಬೆಳಗಿನ ಜಾವ ಹೋಗಿ ನೋಡಿದರೆ ಬದು ಮುಳುಗುವಷ್ಟು ನೀರು ನಿಂತಿದೆ, ಹೀಗೇ ಬಿಟ್ಟರೆ ಬದು ಕಿತ್ತುಕೊಂಡು ಹೋಗುತ್ತೆ ಅಂತ ಗುದ್ದಲಿ ಹಾಕಿ ಕೊನೆ ತಾಕಿನ ಮಡೆ, ಅಂದ್ರೆ ನೀರು ಹೊರಗೆ ಬಿಡುವ ಕಂಡಿ, ತೆಗೆದುಬಿಟ್ಟೆ.

ಹತ್ತು ಗಂಟೆ ಹೊತ್ತಿಗೆ ದೊಡ್ಡಪ್ಪನ ಮಗ ಅಣ್ಣ ಬಂದ. ಆ ಸಲ ಕೆರೆ ಮೀನಿನ ಹರಾಜು ಹಿಡಿದಿದ್ದವನು ಅವನೇ. "ಏನ್ಲಾ ಹೊಡ್ದೆ ನೆನ್ನೆ?" ಅಂತ ಕೇಳಿದ, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಬಸಿಗಾಲುವೆ ಕೆರೆಗೆ ಬೀಳುವ ಕಡೆ ಕರೆದುಕೊಂಡು ಹೋದ. ಬೆರಳುದ್ದದ ಮೀನು ಮರಿಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೆಲವಕ್ಕೆ ಇನ್ನೂ ಜೀವ ಇತ್ತು, ನಿಂತ ಜಾಗದಲ್ಲೇ ಬುಗುರಿ ತರ ಗಿರಗಿರ ಸುತ್ತುತ್ತಿದ್ದವು. ಸಣ್ಣ ಸಿಗಡಿಗಳು ಬೆಳ್ಳಗೆ ದಡಕ್ಕೆ ಬಂದು ಸೇರಿದ್ದವು. ಕೆಸರಿನ ಮೇಲೆ ಒಂದು ಏಡಿ ಮಗುಚಿ ಬಿದ್ದಿತ್ತು, ಅದರ ಕಾಲುಗಳು ಬಿಟ್ಟು ಬಿಟ್ಟು ಅದುರುತ್ತಿದ್ದವು. ಎದುರು ದಡದಲ್ಲಿ ಬೆಳ್ಳಕ್ಕಿಗಳಿಗೆ ಅವತ್ತು ಹಬ್ಬ. ಅದನ್ನು ನೋಡಿಯೇ ನನಗೆ ಹೆಚ್ಚು ಭಯ ಆಯಿತು.

ಊರಿನಲ್ಲಿ ಒಬ್ಬರು "ಅದು ಗಾಳಿ ಸಾಲದೆ ಸತ್ತಿರೋದು, ಮೋಡ ಹಾಕಿದಾಗ ಹಂಗೇ" ಅಂದರು. ಆ ಮಾತೂ ಸುಳ್ಳಲ್ಲ. ಮೋಡ ಮುಸುಕಿದ ದಿನ ನೀರಿನಲ್ಲಿ ಆಮ್ಲಜನಕ ಕಮ್ಮಿಯಾಗಿ ಮೀನು ಸಾಯುವುದು ಉಂಟು. ಆದರೆ ಅಣ್ಣನಿಗೆ ವ್ಯತ್ಯಾಸ ಗೊತ್ತಿತ್ತು. ಗಾಳಿ ಸಾಲದಿದ್ದಾಗ ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ, ಮೊದಲು ಹೋಗುವುದು ದಪ್ಪ ಮೀನು. ಇಲ್ಲಿ ಕಟ್ಲಾ, ರೋಹು ದೊಡ್ಡವು ಕೆರೆಯ ನಡುವೆ ಆರಾಮಾಗಿದ್ದವು. ಸತ್ತಿದ್ದು ಮರಿ, ಸಿಗಡಿ, ಏಡಿ, ನೀರಿನ ಹುಳ, ಅದೂ ಕಾಲುವೆ ಬಾಯಿಯ ಸುತ್ತಮುತ್ತ ಮಾತ್ರ. ಇನ್ನೇನು ಹೇಳೋದು, ಅಲ್ವಾ?

ಹಾಗಂತ ಎಲ್ಲದಕ್ಕೂ ಔಷಧಿಯನ್ನೇ ದೂರುವವನಲ್ಲ ನಾನು. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಮೂಳೆ ಕೀಲು ಕೆಡುವ ಹಂದಿಗೋಡು ಕಾಯಿಲೆ ಬಂದಾಗ ಔಷಧಿ ಬಿದ್ದ ಗದ್ದೆಯ ಏಡಿ ತಿಂದು ಹೀಗಾಯಿತು ಅಂತ ಮೊದಲು ಅನುಮಾನ ಪಟ್ಟಿದ್ದರು, ಆಮೇಲೆ ಅದು ವಂಶದಲ್ಲಿ ಬರುವ ಕಾಯಿಲೆ ಅಂತ ಗೊತ್ತಾಯಿತು. ನೋಡಿ ಹೇಳಬೇಕು. ನನ್ನ ವಿಷಯದಲ್ಲಿ ನೋಡಿ ಆಗಿತ್ತು.

ಏಡಿ ಅಂದಾಗ ಅಪ್ಪನ ಕಾಲ ನೆನಪಾಗುತ್ತದೆ. ಅವರು ಫೋರೇಟ್ ಅನ್ನುವ ಹುಳದ ಔಷಧಿಯ ಹರಳನ್ನು ಮರಳಿಗೆ ಕಲಸಿ, ಬರಿಗೈಯಲ್ಲಿ ನಿಂತ ನೀರಿಗೆ ಎರಚುತ್ತಿದ್ದರು. ಒಂದೆರಡು ಗಂಟೆಯಲ್ಲಿ ಏಡಿಗಳು ತೂತು ಬಿಟ್ಟು ಬದುವಿನ ಮೇಲೆ ಬಂದು ಕೂರುತ್ತಿದ್ದವು. ಅಷ್ಟು ಸುಲಭವಾಗಿ ಏಡಿ ಸಿಗುತ್ತೆ ಅಂತ ನಾವು ಹುಡುಗರಿಗೆ ಖುಷಿ. ಅವ್ವ ಮಾತ್ರ "ಅವತ್ತಿನ ಏಡಿ ಒಲೆ ಹತ್ರ ತರಬ್ಯಾಡಿ" ಅನ್ನುತ್ತಿದ್ದಳು. ಸರ್ಕಾರ 2020ರ ಕೊನೆಗೆ ಫೋರೇಟ್ ನಿಲ್ಲಿಸಿತು. ಅವ್ವ ನಮ್ಮ ಅಡುಗೆಮನೆಯಲ್ಲಿ ಅದಕ್ಕಿಂತ ಎಷ್ಟೋ ಮುಂಚೆ ನಿಲ್ಲಿಸಿದ್ದಳು.

ಸರಿ, ನನ್ನ ಗದ್ದೆ ಕತೆಗೆ ಬರೋಣ. ಮೀನು ಸತ್ತಿದ್ದು ಅಣ್ಣನ ನಷ್ಟ. ನನ್ನ ನಷ್ಟ ಒಂದು ತಿಂಗಳು ಬಿಟ್ಟು ಬಂತು. ಸುರುಳಿ ಹುಳ ಹೋಯಿತು ನಿಜ, ಆದರೆ ತೆನೆ ಬರುವ ಹೊತ್ತಿಗೆ ಗದ್ದೆಯ ನಡುವೆ ಚಾಪೆ ಅಗಲಕ್ಕೆ ಪೈರು ಸುಟ್ಟ ಹಾಗೆ ಒಣಗಿತು. ನೋಡನೋಡುತ್ತಾ ಆ ಚಾಪೆ ಕಣದಷ್ಟು ಆಯಿತು. ಕಂದು ಜಿಗಿಹುಳ. ಅದರ ಮೊಟ್ಟೆ ತಿನ್ನುವ ಸಣ್ಣ ಹಸಿರು ತಿಗಣೆಯೊಂದಿದೆ, ಹುಳವನ್ನೇ ಹಿಡಿದು ತಿನ್ನುವ ಜೇಡಗಳಿವೆ, ಅವನ್ನೆಲ್ಲ ನಾನು 28ನೇ ದಿನವೇ ಮುಗಿಸಿದ್ದೆ. ಜಿಗಿಹುಳ ಕೂರುವುದು ಬುಡದಲ್ಲಿ, ನೀರಿಗೆ ತಾಗಿದ ಹಾಗೆ. ಮೇಲಿಂದ ಹೊಡೆದದ್ದು ಅದಕ್ಕೆ ತಾಗುವುದೂ ಕಮ್ಮಿ. ಇಂಡೋನೇಷ್ಯಾದಲ್ಲಿ ಇದೇ ಹುಳ ದೇಶದ ಭತ್ತವನ್ನೇ ತಿನ್ನಲು ಶುರು ಮಾಡಿದಾಗ, ಹೊಡೆದಷ್ಟೂ ಜಾಸ್ತಿ ಆಗುತ್ತಿದೆ ಅಂತ ಕಂಡುಕೊಂಡು, 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಬಗೆಯ ಔಷಧಿಗಳನ್ನು ಒಂದೇ ಏಟಿಗೆ ನಿಷೇಧಿಸಿತು. ನನಗೆ ಇದು ಗೊತ್ತಾಗಿದ್ದು ತಡವಾಗಿ, ಮೂಟೆ ಕಮ್ಮಿಯಾದ ಮೇಲೆ.

ಮುಂದಿನ ಬೆಳೆಗೆ ನಾನು ಮಾಡಿದ ಮೊದಲ ಕೆಲಸ ಏನೂ ಹೊಡೆಯದೆ ಇರುವುದು. ಕೇಳಲು ಸುಲಭ. ಅಕ್ಕಪಕ್ಕದವರು ಕ್ಯಾನು ಹೊತ್ತುಕೊಂಡು ಓಡಾಡುವಾಗ ಸುಮ್ನೆ ಬದುವಿನ ಮೇಲೆ ಕೂರುವುದು ಎಷ್ಟು ಕಷ್ಟ ಅಂತ ಕೂತವನಿಗೇ ಗೊತ್ತು. ನಾಟಿಯಾದ ಮೊದಲ 40 ದಿನ ಸುರುಳಿ ಹುಳಕ್ಕೆ ಕೈ ಹಾಕಲಿಲ್ಲ. ಆ ವಯಸ್ಸಿನ ಪೈರು ಹೋದ ಗರಿಗೆ ಬದಲಾಗಿ ಹೊಸ ಗರಿ ಬಿಡುತ್ತದೆ, ಇಳುವರಿಗೆ ಏಟು ಬೀಳುವುದಿಲ್ಲ. ಯೂರಿಯಾ ಕಮ್ಮಿ ಮಾಡಿ ಮೂರು ಸಲಕ್ಕೆ ಹಂಚಿದೆ. ತಳಿ ಎಂಟಿಯು 1001 ಹಾಕಿದೆ, ಅದು ಜಿಗಿಹುಳಕ್ಕೆ ಸ್ವಲ್ಪ ತಡೆಯುತ್ತದೆ. ನಾಟಿ ಮಾಡುವಾಗ ಎಂಟು ಅಡಿಗೊಂದು ಒಂದಡಿ ಅಗಲದ ದಾರಿ ಬಿಟ್ಟೆ, ಬುಡಕ್ಕೆ ಗಾಳಿ ಬೆಳಕು ಬೀಳಲಿ ಅಂತ. ವಾರಕ್ಕೊಂದು ಸಲ ಆ ದಾರಿಯಲ್ಲಿ ನಡೆದು ಅಲ್ಲೊಂದು ಇಲ್ಲೊಂದು ಅಂತ ಇಪ್ಪತ್ತು ಬುಡ ಹಿಡಿದು ತಟ್ಟಿ, ನೀರಿಗೆ ಬಿದ್ದ ಹುಳ ಎಣಿಸುವುದು. ಬುಡಕ್ಕೆ ಹತ್ತು ದಾಟಿದರೆ ಮಾತ್ರ ಔಷಧಿಯ ಯೋಚನೆ. ಜೇಡ ಚೆನ್ನಾಗಿದ್ದರೆ ಇನ್ನೂ ಎರಡು ದಿನ ಕಾಯುವುದು.

ಇಲ್ಲಿ ಒಂದು ಪೇಚು ಇದೆ. ಜಿಗಿಹುಳ ಬಂದರೆ ಗದ್ದೆಯ ನೀರು ಬಸಿ ಅಂತ ಎಲ್ಲರೂ ಹೇಳುತ್ತಾರೆ, ಸರಿಯಾದ ಮಾತೇ. ಆದರೆ ನಮ್ಮವರು ಮೊದಲು ಹೊಡೆದು ಆಮೇಲೆ ಬಸಿಯುತ್ತಾರೆ. ಔಷಧಿ ನೀರು ನೆಟ್ಟಗೆ ಕೆರೆಗೆ. ನಾನೀಗ ಉಲ್ಟಾ ಮಾಡುತ್ತೇನೆ. ಮೊದಲು ನೀರು ಬಸಿದು ಕೆಸರು ಬಿರಿಯುವ ತನಕ ಮೂರ್ನಾಲ್ಕು ದಿನ ಬಿಡುತ್ತೇನೆ. ಎಷ್ಟೋ ಸಲ ಅಷ್ಟಕ್ಕೇ ಹುಳ ಇಳಿಯುತ್ತದೆ. ಇಳಿಯದಿದ್ದರೆ ಒಣ ಗದ್ದೆಯಲ್ಲೇ ಬುಡಕ್ಕೆ ಹೊಡೆಯುತ್ತೇನೆ, ಜೇಡಕ್ಕೆ ಅಷ್ಟಾಗಿ ತೊಂದರೆ ಕೊಡದ ಪೈಮೆಟ್ರೋಜಿನ್ ತರದ್ದು. ಆಮೇಲೆ ತೆಳುವಾಗಿ ನೀರು ಕಟ್ಟಿ ಮಡೆ ಮುಚ್ಚಿದರೆ ಹತ್ತು ದಿನ ಒಂದು ಹನಿ ಹೊರಗೆ ಬಿಡುವುದಿಲ್ಲ. ಕಳೆ ಔಷಧಿ ಹಾಕಿದಾಗಲೂ ಹೀಗೇ. ಮಳೆ ಬಂದರೆ ಏನು ಮಾಡೋದು? ಅದಕ್ಕೇ ಬದುಗಳನ್ನು ಅರ್ಧ ಅಡಿ ಎತ್ತರಿಸಿ ಮೆತ್ತಿದ್ದು. ಮೋಡ ಇದ್ದ ದಿನ ಕ್ಯಾನು ಮುಟ್ಟುವುದೇ ಇಲ್ಲ.

ಹತ್ತು ದಿನದ ಲೆಕ್ಕ ಎಲ್ಲಿಂದ ಬಂತು ಅಂತ ಕೇಳಬಹುದು. ಲ್ಯಾಬಿಗೆ ಕಳಿಸುವ ಶಕ್ತಿ ನನಗಿಲ್ಲ. ಮನೆಯ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿ ಇದ್ದವಲ್ಲ, ಅವನ್ನೇ ಹಿಡಿದೆ. ಎರಡು ಜಾಮ್ ಬಾಟಲಿ. ಒಂದರಲ್ಲಿ ಔಷಧಿ ಹೊಡೆದ ತಾಕಿನ ನೀರು, ಇನ್ನೊಂದರಲ್ಲಿ ಕೆರೆಯ ಆಚೆ ದಡದ ನೀರು. ಟೀ ಜರಡಿಯಲ್ಲಿ ಎತ್ತಿ ಎರಡಕ್ಕೂ ಹತ್ತು ಹತ್ತು ಮರಿ ಬಿಟ್ಟೆ. ಕೆರೆ ನೀರಿನವು ಕೊಂಕಿ ಕೊಂಕಿ ಕುಣಿಯುತ್ತಿದ್ದವು. ಗದ್ದೆ ನೀರಿನವು ಮೊದಲು ಹುಚ್ಚು ಹಿಡಿದ ಹಾಗೆ ಒದ್ದಾಡಿ ಮಧ್ಯಾಹ್ನಕ್ಕೆ ತಳ ಸೇರಿದವು. ದಿನ ಬಿಟ್ಟು ದಿನ ಹೊಸ ನೀರು, ಹೊಸ ಮರಿ. ಆರನೇ ದಿನಕ್ಕೆ ಅರ್ಧ ಉಳಿದವು, ಹತ್ತನೇ ದಿನ ಎರಡು ಬಾಟಲಿಯೂ ಒಂದೇ ತರ. ನನ್ನ ಹೆಂಡತಿ ಅಡುಗೆಮನೆ ಕಿಟಕಿಯಲ್ಲಿ ಸೊಳ್ಳೆ ಸಾಕುವ ಗಂಡನನ್ನು ಎಷ್ಟು ದಿನ ಸಹಿಸಿಕೊಂಡಳು ಅನ್ನೋದು ಬೇರೆ ಕತೆ.

ಈ ಪರೀಕ್ಷೆಯಲ್ಲಿ ಒಂದು ಹುಳುಕಿದೆ, ಹೇಳಲೇಬೇಕು. ನೀರು ತಿಳಿಯಾಯಿತು ಅಂದ್ರೆ ಕೆಸರು ತಿಳಿಯಾಯಿತು ಅಂತಲ್ಲ. ಸೈಪರ್‌ಮೆಥ್ರಿನ್ ತರದ್ದು ನೀರಿನಲ್ಲಿ ನಿಲ್ಲದೆ ಮಣ್ಣಿಗೆ, ಎಲೆಗೆ ಹೋಗಿ ಅಂಟುತ್ತದೆ. ಅದು ಕೆಸರಿನಲ್ಲಿ ಬದುಕುವ ಹುಳಗಳಿಗೆ ಕೆಟ್ಟದ್ದು, ಆದರೆ ಅದೇ ಗುಣವನ್ನು ಬಳಸಿಕೊಳ್ಳಲೂಬಹುದು. ಕೊನೆ ತಾಕಿನ ಮೂಲೆಯಲ್ಲಿ ಅರ್ಧ ಗುಂಟೆ ಬಿಟ್ಟು ಮೊಣಕಾಲುದ್ದ ಗುಂಡಿ ತೆಗೆದು, ಕೆರೆಯಿಂದ ಜೊಂಡು ತಂದು ನೆಟ್ಟೆ. ಈಗ ಮಡೆ ತೆಗೆದರೂ ನೀರು ಆ ಜೊಂಡಿನಲ್ಲಿ ನುಸುಳಿ, ಮಣ್ಣು ಇಳಿಸಿಯೇ ಕಾಲುವೆಗೆ ಹೋಗಬೇಕು. ಅರ್ಧ ಗುಂಟೆ ಭತ್ತ ಹೋಯಿತು ಅಂತ ಅಪ್ಪ ಇವತ್ತಿಗೂ ಗೊಣಗುತ್ತಾರೆ.

ಇಮಿಡಾಕ್ಲೋಪ್ರಿಡ್ ತರದ ಹುಳದ ಔಷಧಿಗಳು ಇದಕ್ಕೆ ಉಲ್ಟಾ. ನೀರಿನಲ್ಲಿ ಚೆನ್ನಾಗಿ ಕರಗುತ್ತವೆ, ಹಾಗಾಗಿ ಜೊಂಡಿಗೂ ಅಷ್ಟಾಗಿ ಸಿಗುವುದಿಲ್ಲ. ಮೀನಿಗೆ ಏನೂ ಆಗಲ್ಲ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ನೇರವಾಗಿ ಆಗುವುದು ಕಮ್ಮಿ, ನಿಜ. ಜಪಾನಿನ ಶಿಂಜಿ ಸರೋವರದ ಕತೆ ಓದಿದ ಮೇಲೆ ನಾನು ಆ ಮಾತಿಗೆ ತಲೆ ಆಡಿಸುವುದು ಬಿಟ್ಟೆ. ಅದರ ಸುತ್ತಲೂ ಭತ್ತದ ಗದ್ದೆ, ನಮ್ಮ ಹಾಗೇ. 1993ರ ಸುಮಾರಿಗೆ ಈ ಜಾತಿಯ ಔಷಧಿ ಬಳಕೆ ಶುರುವಾಯಿತು, ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು ಆಮೇಲೆ ವಸಂತ ಕಾಲದ ಸರಾಸರಿಯಲ್ಲಿ 83 ಶೇಕಡಾ ಇಳಿದವು. ವಾಕಾಸಾಗಿ ಅನ್ನುವ ಸಣ್ಣ ಮೀನು ವರ್ಷಕ್ಕೆ 240 ಟನ್ ಸಿಗುತ್ತಿದ್ದದ್ದು 22 ಟನ್ನಿಗೆ ಬಂತು. 2019ರಲ್ಲಿ ಅಲ್ಲಿನ ಸಂಶೋಧಕರು ಹೇಳಿದ್ದು, ಮೀನಿಗೆ ಊಟವೇ ಇಲ್ಲದೆ ಹೀಗಾಯಿತು ಅಂತ. ಹೆಣ ತೇಲಲಿಲ್ಲ, ಬಲೆಗೆ ಬೀಳುವುದು ಕಮ್ಮಿಯಾಯಿತು. ನಮ್ಮ ಕೆರೆಯಲ್ಲಿ "ಮರಿ ಬಿಟ್ರೂ ಮೈ ಹಿಡೀತಿಲ್ಲ" ಅಂತ ಅಣ್ಣ ಹೇಳುತ್ತಿದ್ದದ್ದು ನನಗೆ ಆಗ ನೆನಪಾಯಿತು. ಅದಕ್ಕೆ ಇದೇ ಕಾರಣ ಅಂತ ನಾನು ಹೇಳುತ್ತಿಲ್ಲ.

ಡಬ್ಬಿ ಮೇಲಿನ ಬಣ್ಣದ ವಿಷಯವೂ ಇಲ್ಲಿ ಬರೆಯಬೇಕು, ಯಾಕಂದ್ರೆ ನಾನೂ ಮೋಸ ಹೋಗಿದ್ದೆ. ಕೆಂಪು, ಹಳದಿ, ನೀಲಿ, ಹಸಿರು. ಹಸಿರು ಇದ್ದರೆ ಸೇಫ್ ಅಂದುಕೊಂಡಿದ್ದೆ. ಆ ಬಣ್ಣ ಹೇಳುವುದು ಹೊಡೆಯುವ ಮನುಷ್ಯನ ಲೆಕ್ಕ, ಇಲಿಗಳ ಮೇಲೆ ಪರೀಕ್ಷೆ ಮಾಡಿ ಕೊಟ್ಟದ್ದು. ಏಡಿಯನ್ನು ಯಾರೂ ಕೇಳಿಲ್ಲ. ಕಾಂಡಕೊರಕಕ್ಕೆ ಹಾಕುವ ಕ್ಲೋರಾಂಟ್ರಾನಿಲಿಪ್ರೋಲ್ ಹಸಿರು ಬಣ್ಣದ್ದೇ, ನಮಗೂ ಮೀನಿಗೂ ಅಷ್ಟೇನೂ ಮಾಡುವುದಿಲ್ಲ, ಆದರೆ ನೀರಿನ ಹುಳಗಳಿಗೆ ತೀರಾ ಕೆಟ್ಟದ್ದು. ನಾನು ಅದನ್ನು ಬಳಸುವುದೇ ಇಲ್ಲ ಅಂತಲ್ಲ. ಆ ಕೊರಕದಿಂದ ಕಾಳಿಲ್ಲದೆ ಬೆಳ್ಳಗಾಗುವ ಬಿಳಿತೆನೆ ಜಾಸ್ತಿ ಕಂಡ ವರ್ಷ ಹಾಕಿದ್ದೇನೆ, ಮಡೆ ಮುಚ್ಚಿ.

ಇನ್ನು ಕ್ಯಾನು ತೊಳೆಯುವುದು. ನಾಲೆಯಲ್ಲೇ ಅದ್ದಿ ನೀರು ತುಂಬುವುದು, ಅಲ್ಲೇ ತೊಳೆಯುವುದು, ಖಾಲಿ ಡಬ್ಬಿ ಅಲ್ಲೇ ಎಸೆಯುವುದು ನಮ್ಮೂರಿನ ಪದ್ಧತಿ. ನಾನೀಗ ಬಿಂದಿಗೆಯಲ್ಲಿ ನೀರು ತಂದು ತುಂಬುತ್ತೇನೆ, ಡಬ್ಬಿಯನ್ನು ಮೂರು ಸಲ ತೊಳೆದ ನೀರನ್ನು ಕ್ಯಾನಿಗೇ ಸುರಿದು ಗದ್ದೆಗೇ ಹೊಡೆಯುತ್ತೇನೆ. ಇದಕ್ಕೆ ಬೇಕಾಗಿರುವುದು ಹತ್ತು ನಿಮಿಷ.

ಮೊದಲ ವರ್ಷ ಎಕರೆಗೆ ಎರಡು ಮೂಟೆ ಕಮ್ಮಿ ಆಯಿತು, ಸುಳ್ಳು ಹೇಳುವುದಿಲ್ಲ. ಎರಡನೇ ವರ್ಷ ಮೊದಲಿನಷ್ಟೇ. ನಾಲ್ಕೈದು ಸಲ ಹೊಡೆಯುತ್ತಿದ್ದವನು ಈಗ ಒಂದು ಸಲ ಅಥವಾ ಇಲ್ಲವೇ ಇಲ್ಲ. ಜೊಂಡಿನ ಗುಂಡಿಯಲ್ಲಿ ಗೊದಮೊಟ್ಟೆ ಇದ್ದೇ ಇರುತ್ತವೆ, ಸಂಜೆ ಗದ್ದೆ ಮೇಲೆ ಏರೋಪ್ಲೇನ್ ಚಿಟ್ಟೆಗಳ ದಂಡು. ಕೆರೆಯಲ್ಲಿ ಬದಲಾವಣೆ ಆಯಿತಾ ಅಂತ ಕೇಳಿದರೆ, ಕಾಲುವೆ ಬಾಯಲ್ಲಿ ಏಡಿ ತೂತು ಮತ್ತೆ ಕಾಣಿಸುತ್ತಿವೆ, ಅಷ್ಟು ಹೇಳಬಲ್ಲೆ. ನನ್ನ ಗದ್ದೆಗೆ ಬಾರದ ಮೇಲಿನವರ ನೀರು ಪಕ್ಕದಲ್ಲೇ ಹರಿದು ಹೋಗುತ್ತದೆ, ಅದಕ್ಕೆ ನನ್ನ ಜೊಂಡು ಏನೂ ಮಾಡಲಾರದು. ಈಗ ಡ್ರೋನು ಬೇರೆ ಬಂದಿದೆ, ಅರ್ಧ ದಿನದ ಕೆಲಸ ಕಾಲು ಗಂಟೆಯಲ್ಲಿ ಮುಗಿಯುತ್ತದೆ, ಬದು ಯಾವುದು ಕಾಲುವೆ ಯಾವುದು ಅಂತ ಅದು ನೋಡುವುದಿಲ್ಲ.

ಅಣ್ಣ ಒಂದು ದಾರಿ ಮಾಡಿಕೊಂಡಿದ್ದಾನೆ. ಔಷಧಿ ಹೊಡೆಯುವವರು ಹಿಂದಿನ ದಿನ ಅವನಿಗೆ ಫೋನ್ ಮಾಡಬೇಕು, ಅವನು ಬಸಿಗಾಲುವೆಯ ಬಾಯಿಗೆ ಮರಳಿನ ಚೀಲ ಅಡ್ಡ ಹಾಕಿ ನೀರನ್ನು ಪಕ್ಕದ ಬೀಳು ಹೊಲಕ್ಕೆ ತಿರುಗಿಸುತ್ತಾನೆ. ಹದಿನಾಲ್ಕು ಜನರಲ್ಲಿ ಆರು ಜನ ಫೋನ್ ಮಾಡುತ್ತಾರೆ. ಉಳಿದವರದ್ದು ವಾಸನೆ ಮೇಲೆ ಗೊತ್ತಾಗುತ್ತೆ ಅನ್ನುತ್ತಾನೆ. ಮೊನ್ನೆ ರಾತ್ರಿ ಮಳೆ ಬಂದಾಗ ಹನ್ನೊಂದು ಗಂಟೆಗೆ ನನಗೇ ಫೋನ್ ಮಾಡಿದ್ದ. "ನಂದು ಮುಚ್ಚೈತೆ ಕಣಣ್ಣ" ಅಂದೆ. ಆದರೂ ಬ್ಯಾಟರಿ ತಗೊಂಡು ಹೋಗಿ ಒಂದು ಸಲ ನೋಡಿಕೊಂಡು ಬಂದೆ.