ಮೊದಲ ಚಾಕು: ಅರ ನಿಮ್ಮ ಕೈಲಿರಲಿ, ಬೆಂಕಿಗೆ ಆಚಾರ್ರ ಹತ್ತಿರ ಹೋಗಿ

ಚಾಕು ಮಾಡುವುದರಲ್ಲಿ ಮುಕ್ಕಾಲು ಪಾಲು ಅರ ಹಿಡಿದು ಉಜ್ಜುವ ಕೆಲಸ. ತಾಳ್ಮೆ ಇದ್ದವರು ಯಾರು ಬೇಕಾದರೂ ಮನೆಯ ಹಿತ್ತಲಲ್ಲೇ ಮಾಡಬಹುದು. ಉಳಿದ ಕಾಲು ಪಾಲು ಬೆಂಕಿಯದು. ಅದು ಓದಿದರೆ ಬರುವುದಿಲ್ಲ, ವಿಡಿಯೊ ನೋಡಿದರೂ ಬರುವುದಿಲ್ಲ. ಬಲ್ಲವರ ಪಕ್ಕದಲ್ಲಿ ನಿಂತು ಕಣ್ಣಿಗೆ ರೂಢಿ ಮಾಡಿಕೊಳ್ಳಬೇಕು. ಹಾಗಾಗಿ ಮನೆಯಲ್ಲಿ ಮಾಡಬೇಕಾದ್ದು ಯಾವುದು, ಕುಲುಮೆಗೆ, ಅಂದರೆ ಕಬ್ಬಿಣದ ಕೆಲಸದ ಆಚಾರ್ರ ಹತ್ತಿರ ಹೋಗಿ ಕಲಿಯಬೇಕಾದ್ದು ಯಾವುದು ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಚಿಕ್ಕದಿರಲಿ. ನಾಲ್ಕೈದು ಇಂಚಿನ ಅಲಗು, ತರಕಾರಿ ಹೆಚ್ಚುವ ಚಾಕು ಸಾಕು. ಮಲೆನಾಡಿನ ಕತ್ತಿ, ಕೊಡಗಿನ ಪೀಚೆಕತ್ತಿ ಎಲ್ಲ ಆಮೇಲೆ.

ಯಾವ ಕಬ್ಬಿಣ ಬೇಕು?

ಕಿಟಕಿ ಸರಳಿಗೆ, ಗೇಟಿಗೆ ಹಾಕುವ ಎಂ.ಎಸ್. (ಮೈಲ್ಡ್ ಸ್ಟೀಲ್) ಪಟ್ಟಿ ಬೇಡ. ಅದರಲ್ಲಿ ಇಂಗಾಲ ತೀರಾ ಕಡಿಮೆ. ಎಷ್ಟು ಕಾಸಿ ಅದ್ದಿದರೂ ಚಾಕುವಿಗೆ ಬೇಕಾದಷ್ಟು ಗಟ್ಟಿಯಾಗುವುದಿಲ್ಲ. ಇಂಗಾಲ ಶೇ 0.5ರಿಂದ 1ರಷ್ಟು ಇರುವ ಉಕ್ಕು ಬೇಕು. ಲಾರಿಯ ಲೀಫ್ ಸ್ಪ್ರಿಂಗ್ ಪಟ್ಟಿಯಲ್ಲಿ ಇದು ಸುಮಾರು ಶೇ 0.5–0.6 ಇರುತ್ತದೆ. ಹಳ್ಳಿಯ ಮಚ್ಚು, ಕುಡುಗೋಲುಗಳಲ್ಲಿ ಬಹಳಷ್ಟು ಹುಟ್ಟುವುದು ಇದರಿಂದಲೇ. ಗುಜರಿ ಅಂಗಡಿಯಲ್ಲಿ ಸಿಗುತ್ತದೆ. ಆದರೆ ವರ್ಷಗಟ್ಟಲೆ ಭಾರ ಹೊತ್ತ ಪಟ್ಟಿಯೊಳಗೆ ಕಣ್ಣಿಗೆ ಕಾಣದ ಬಿರುಕು ಇರಬಹುದು. ಪಟ್ಟಿ ದಪ್ಪವೂ ಜಾಸ್ತಿ. ಬಡಿದು ತೆಳ್ಳಗೆ ಮಾಡಬೇಕಾಗುತ್ತದೆ. ಉಕ್ಕಿನ ಅಂಗಡಿಯಲ್ಲಿ 2–3 ಮಿ.ಮೀ. ದಪ್ಪದ ಹೈ ಕಾರ್ಬನ್ ಪಟ್ಟಿ ಸಿಕ್ಕರೆ ಮೊದಲ ಸಲಕ್ಕೆ ಅದೇ ಒಳ್ಳೆಯದು. ಸತುವಿನ ಲೇಪವಿರುವ, ಅಂದರೆ ಜಿ.ಐ. ಕಬ್ಬಿಣವನ್ನು ಮಾತ್ರ ಬೆಂಕಿಗೆ ಹಾಕಲೇಬೇಡಿ. ಅದರ ಹೊಗೆ ಕುಡಿದರೆ ಜ್ವರ ಬಂದು ಮಲಗಬೇಕಾಗುತ್ತದೆ.

ಆಕಾರ ಕೊಡುವುದು

ರಟ್ಟಿನ ಮೇಲೆ ಚಾಕುವಿನ ಚಿತ್ರ ಬರೆದು ಕತ್ತರಿಸಿ. ಕೈಯಲ್ಲಿ ಹಿಡಿದು, ಹಲಗೆಯ ಮೇಲೆ ಈರುಳ್ಳಿ ಹೆಚ್ಚುವಂತೆ ಆಡಿಸಿ ನೋಡಿ. ಬೆರಳ ಗೆಣ್ಣು ಹಲಗೆಗೆ ತಾಗಿದರೆ ಅಲಗಿನ ಅಗಲ ಸಾಲದು. ರಟ್ಟಿನಲ್ಲಿ ತಿದ್ದುವುದು ಸುಲಭ, ಉಕ್ಕಿನಲ್ಲಿ ಕಷ್ಟ. ಈ ಹಂತಕ್ಕೆ ಬೇಕಾದಷ್ಟು ಸಮಯ ಕೊಡಿ.

ಗೆರೆ ಎಳೆದು, ಹ್ಯಾಕ್ಸಾ ಬ್ಲೇಡಿನಿಂದ ಕುಯ್ದು, ಅರದಿಂದ ಅಂಚು ತೀಡಿ. ಹಿಡಿಯ ಮೊಳೆಗಳಿಗೆ ತೂತು ಈಗಲೇ ಕೊರೆಯಬೇಕು. ಹದ ಹಾಕಿದ ಮೇಲೆ, ಅಂದರೆ ಕಾಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡಿದ ಮೇಲೆ, ಡ್ರಿಲ್ ಬಿಟ್ ಒಳಗೇ ಹೋಗುವುದಿಲ್ಲ. ಆಮೇಲೆ ಎರಡೂ ಕಡೆಯಿಂದ ಬಾಯಿಯತ್ತ, ಅಂದರೆ ಹೆಚ್ಚುವ ಅಂಚಿನತ್ತ, ಇಳಿಜಾರು ತೆಗೆಯುತ್ತಾ ಬನ್ನಿ. ಬಾಯಿಯನ್ನು ಈಗಲೇ ಹರಿತ ಮಾಡಬೇಡಿ. ಸುಮಾರು 1 ಮಿ.ಮೀ. ದಪ್ಪ ಉಳಿದಿರಲಿ. ತೀರಾ ತೆಳ್ಳಗಾದರೆ ಅದ್ದುವಾಗ ಸೊಟ್ಟಗಾಗುತ್ತದೆ, ಇಲ್ಲವೇ ಸೀಳುತ್ತದೆ. ಗ್ರೈಂಡರ್ ಬಳಸುವವರು ಕನ್ನಡಕ, ಮಾಸ್ಕ್ ಹಾಕಿಕೊಳ್ಳಲೇಬೇಕು. ಸಡಿಲ ಬಟ್ಟೆ ಬೇಡ.

ಬಣ್ಣ ನೋಡಲು ಕಲಿಯುವುದು

ಇನ್ನು ಕುಲುಮೆಗೆ ಹೋಗಬೇಕು. ಮಳೆಗಾಲದ ಉಳುಮೆ ಶುರುವಾಗುವ ಹೊತ್ತು, ಸುಗ್ಗಿಗೆ ಮುಂಚಿನ ದಿನಗಳು ಬೇಡ. ಆಗ ಕುಳ, ಕುಡುಗೋಲು ಹಿಡಿದ ರೈತರೇ ಸಾಲು ನಿಂತಿರುತ್ತಾರೆ. ಬಿಡುವಿನ ದಿನ ನೋಡಿ ಹೋಗಿ. ಬರಿಗೈಯಲ್ಲಿ ಹೋಗಿ ‘ಕಲಿಸಿಕೊಡಿ’ ಎಂದರೆ ಅವರಿಗೂ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುವುದಿಲ್ಲ. ಅರ್ಧ ಮಾಡಿದ ಚಾಕು ಕೈಲಿದ್ದರೆ ಮಾತು ತಾನಾಗೇ ಹೊರಡುತ್ತದೆ. ‘ಆಚಾರ್ರೇ, ಇದಕ್ಕೆ ಎಷ್ಟು ಕೆಂಪು ಬರಬೇಕು?’ ಎಂದು ಕೇಳಿ. ಇಕ್ಕುಳ ಹಿಡಿಯಲು, ತಿದಿ ಒತ್ತಲು ಕೈ ಜೋಡಿಸಿ. ಅವರ ಹೊತ್ತಿಗೆ ತಕ್ಕ ಹಣ ಕೊಡಿ. ತಲೆಮಾರುಗಳಿಂದ ಬಂದ ವಿದ್ಯೆಯನ್ನು ಪುಕ್ಕಟೆ ಪಡೆಯುವುದು ನ್ಯಾಯವಲ್ಲ ಅಲ್ವಾ?

ಕುಲುಮೆಯನ್ನು ನೆರಳಿನಲ್ಲಿ, ಮಂದ ಬೆಳಕಿನಲ್ಲಿ ಕಟ್ಟುವುದಕ್ಕೆ ಕಾರಣವಿದೆ. ಕಾದ ಉಕ್ಕಿನ ಬಣ್ಣ ಬಿಸಿಲಿನಲ್ಲಿ ಕಣ್ಣಿಗೆ ಮೋಸ ಮಾಡುತ್ತದೆ. ಬಿಸಿಲಲ್ಲಿ ಮಂಕಾಗಿ ಕಂಡ ತುಂಡು ನಿಜಕ್ಕೂ ಹೆಚ್ಚು ಕಾದಿರಬಹುದು. ಹೀಗಾಗಿ ಹೊಸಬರು ಸುಮ್ನೆ ಇನ್ನಷ್ಟು ಕಾಸುತ್ತಾರೆ. ಹೆಚ್ಚು ಕಾದರೆ ಉಕ್ಕಿನ ಒಳಗಿನ ಕಣ ದಪ್ಪವಾಗುತ್ತದೆ. ಇದನ್ನು ಕಣ್ಣಾರೆ ನೋಡಬೇಕೆಂದರೆ ಚೂರು ಪಟ್ಟಿಗಳನ್ನು ಬೇರೆ ಬೇರೆ ಬಣ್ಣಕ್ಕೆ ಕಾಸಿ, ಅದ್ದಿ, ಬಟ್ಟೆ ಸುತ್ತಿ ಮುರಿಯಿರಿ. ಸರಿಯಾಗಿ ಕಾದದ್ದರ ಮುರಿದ ಮುಖ ನುಣ್ಣಗೆ ಬೂದು ಬಣ್ಣಕ್ಕಿರುತ್ತದೆ. ಅತಿಯಾಗಿ ಕಾದದ್ದು ಸಕ್ಕರೆ ಹರಳಿನಂತೆ ಮಿನುಗುತ್ತದೆ. ಅಂಥ ಚಾಕು ಕೆಳಗೆ ಬಿದ್ದರೂ ಮುರಿಯುತ್ತದೆ. ನಾಲ್ಕು ಚೂರು ಹಾಳಾದರೂ ಪರವಾಗಿಲ್ಲ, ಈ ಪರೀಕ್ಷೆಯನ್ನು ಬಿಡಬೇಡಿ. ಇಡೀ ವಿದ್ಯೆಯಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದೇ.

ಹೆಚ್ಚು ಕಾಸಿ ಉಕ್ಕು ಕೆಡಿಸುವುದು ಇಂದಿನ ಸಂಗತಿಯೂ ಅಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್, ಇಲ್ಲಿ ಮಣ್ಣಿನ ಮೂಸೆಯಲ್ಲಿಟ್ಟು ಉಕ್ಕು ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಯುರೋಪಿನಲ್ಲಿ ‘ವೂಟ್ಸ್’ ಎಂದು ಹೆಸರಾದ ಈ ಬಗೆಯ ಉಕ್ಕಿನಲ್ಲಿ ಇಂಗಾಲ ಶೇ 1ಕ್ಕೂ ಹೆಚ್ಚು. ಅಲ್ಲಿನ ಕಮ್ಮಾರರು ತಮ್ಮ ರೂಢಿಯಂತೆ ಬಿಳಿಚುವಷ್ಟು ಕಾಸಿ ಬಡಿದಾಗ ಅದು ಪುಡಿಯಾಗುತ್ತಿತ್ತು. ಕಡಿಮೆ ಕಾವಿನಲ್ಲಿ, ನಿಧಾನಕ್ಕೆ ಬಡಿಯಬೇಕಿತ್ತು.

ಹದ ಹಾಕುವುದು

ಕಾಸುತ್ತಾ ಅಲಗಿಗೆ ಅಯಸ್ಕಾಂತ ತಾಗಿಸಿ ನೋಡಿ. ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಹಿಡಿಯುವುದನ್ನು ನಿಲ್ಲಿಸುತ್ತದೆ. ಅಲ್ಲಿಂದ ಇನ್ನೊಂದಿಷ್ಟು ಮುಂದೆ, ಕೆಂಪು ಕಿತ್ತಳೆಗೆ ತಿರುಗುವವರೆಗೆ ಕಾಸಿ. ಸ್ಪ್ರಿಂಗ್ ಉಕ್ಕಿಗೆ ಇದು 830ರ ಆಸುಪಾಸು. ಇಡೀ ಬಾಯಿ ಒಂದೇ ಬಣ್ಣಕ್ಕೆ ಬರಬೇಕು. ತೆಳುವಾದ ತುದಿ ಬೇಗ ಕಾಯುತ್ತದೆ, ಅದನ್ನು ಬೆಂಕಿಯಿಂದ ಆಗಾಗ ಆಚೆ ಸರಿಸಿ.

ಅದ್ದಲು ಕಡಲೆಕಾಯಿ ಎಣ್ಣೆ ಸಾಕು. ಮೊದಲೇ 50–60 ಡಿಗ್ರಿಗೆ ಬಿಸಿ ಮಾಡಿಟ್ಟುಕೊಳ್ಳಿ. ತಣ್ಣನೆಯ ಎಣ್ಣೆ ಮಂದ, ಬಿಸಿಯದು ಅಲಗಿನ ಕಾವನ್ನು ಬೇಗ ಎಳೆದುಕೊಳ್ಳುತ್ತದೆ. ನೀರಿಗೆ ಅದ್ದಿದರೆ ಸೀಳುವ ಸಾಧ್ಯತೆ ಜಾಸ್ತಿ. ಲೋಹದ ಆಳವಾದ ಪಾತ್ರೆಯೇ ಇರಲಿ. ಚಾಕುವನ್ನು ನೆಟ್ಟಗೆ ಇಳಿಸಿ, ಬಾಯಿ–ಬೆನ್ನಿನ ದಿಕ್ಕಿನಲ್ಲಿ ಮಾತ್ರ ಆಡಿಸಿ. ಪಕ್ಕಕ್ಕೆ ಅಲುಗಿಸಿದರೆ ಸೊಟ್ಟಗಾಗುತ್ತದೆ. ಎಣ್ಣೆ ಹೊತ್ತಿಕೊಂಡರೆ ಮುಚ್ಚಳ ಮುಚ್ಚಿ. ನೀರು ಮಾತ್ರ ಹಾಕಬೇಡಿ.

ತಣ್ಣಗಾದ ಮೇಲೆ ಅರ ಆಡಿಸಿ. ಕಚ್ಚದೆ ಜಾರಿದರೆ ಗಟ್ಟಿಯಾಗಿದೆ ಎಂದರ್ಥ. ಈಗ ಅದು ತುಂಬಾ ಪೆಡಸು. ತಡ ಮಾಡದೆ ಮನೆಯ ಓವನ್‌ನಲ್ಲಿ 200 ಡಿಗ್ರಿಯಲ್ಲಿ ಎರಡು ಗಂಟೆಯಂತೆ ಎರಡು ಸಲ ಇಡಿ. ಅಲಗಿಗೆ ಒಣ ಹುಲ್ಲಿನ ತಿಳಿ ಹಳದಿ ಬಣ್ಣ ಬರುತ್ತದೆ. ಓವನ್ನಿನ ತಿರುಗುಗುಂಡಿಯನ್ನು ನಂಬಬೇಡಿ, ಒಳಗೆ ಬೇರೆ ಥರ್ಮಾಮೀಟರ್ ಇಡಿ.

ಆಚಾರ್ರು ಇದನ್ನೇ ಓವನ್ ಇಲ್ಲದೆ ಮಾಡುತ್ತಾರೆ. ಬಾಯಿಯನ್ನಷ್ಟೇ ಅದ್ದಿ ತೆಗೆದು, ಕಲ್ಲಿಗೆ ತಿಕ್ಕಿ ಹೊಳಪು ಮಾಡುತ್ತಾರೆ. ಬೆನ್ನಿನಲ್ಲಿ ಉಳಿದ ಕಾವು ಬಾಯಿಗೆ ಇಳಿಯುತ್ತಿದ್ದಂತೆ ಬಣ್ಣ ಹಳದಿ, ಕಂದು, ನೇರಳೆ, ನೀಲಿ ಎಂದು ಓಡುತ್ತದೆ. ಬೇಕಾದ ಬಣ್ಣ ಬಾಯಿಗೆ ತಲುಪಿದ ಕ್ಷಣಕ್ಕೆ ಪೂರ್ತಿ ಅದ್ದಿಬಿಡುತ್ತಾರೆ. ಸೌದೆ ಕಡಿಯುವ ಮಚ್ಚಿಗೆ ಒಂದು ಬಣ್ಣ, ತರಕಾರಿ ಚಾಕುವಿಗೆ ಇನ್ನೊಂದು. ಇದನ್ನು ಒಮ್ಮೆಯಾದರೂ ಹತ್ತಿರದಿಂದ ನೋಡಲೇಬೇಕು.

ಹಿಡಿ, ಹರಿತ

ಅಲಗನ್ನು ಕೊನೆಯದಾಗಿ ತೆಳ್ಳಗೆ ಮಾಡುವಾಗ ಕೈಗೆ ಬಿಸಿ ತಾಗಿದ ಕೂಡಲೇ ನೀರಿಗದ್ದಿ. ಗ್ರೈಂಡರಿನಲ್ಲಿ ನೀಲಿ ತಿರುಗಿದರೆ ಅಲ್ಲಿ ಹದ ಹೋಯಿತು. ಹಿಡಿಗೆ ಬೀಟೆ ಅಥವಾ ಹುಣಸೆ ಮರದ ಚೆನ್ನಾಗಿ ಒಣಗಿದ ತುಂಡು ಇರಲಿ. ಯಾವ ತುಂಡು ಸೀಳದು ಎಂಬುದನ್ನು ಬಡಗಿಯವರನ್ನೇ ಕೇಳಿ. ಎಪಾಕ್ಸಿ ಅಂಟು, ಹಿತ್ತಾಳೆ ಮೊಳೆ ಹಾಕಿ ಕೂರಿಸಿ.

ಸಾಣೆಕಲ್ಲಿನ ಮೇಲೆ ಒಂದೊಂದು ಕಡೆ 15–20 ಡಿಗ್ರಿ ಓರೆಯಲ್ಲಿ ಮಸೆಯಿರಿ. ಹಣ್ಣಾದ ಟೊಮೆಟೊದ ಸಿಪ್ಪೆ ಒತ್ತದೆ ಸೀಳಬೇಕು. ಆಮೇಲೆ ಮನೆಯಲ್ಲಿ ಹೆಚ್ಚು ಅಡುಗೆ ಮಾಡುವವರ ಕೈಗೆ ಕೊಟ್ಟು ತಿಂಗಳು ಬಿಡಿ. ಬಾಯಿ ಚಿಪ್ಪೆದ್ದಿದ್ದರೆ ಮುಂದಿನ ಚಾಕುವಿಗೆ ಓವನ್ನಿನ ಕಾವು 10–20 ಡಿಗ್ರಿ ಏರಿಸಿ. ಮಡಚಿಕೊಂಡಿದ್ದರೆ ಅಷ್ಟೇ ಇಳಿಸಿ. ಎರಡರಲ್ಲಿ ಯಾವುದೆಂದು ತಿಳಿಯದಿದ್ದರೆ ಆ ಚಾಕುವನ್ನೇ ತೆಗೆದುಕೊಂಡು ಆಚಾರ್ರ ಹತ್ತಿರ ಹೋಗಿ.